ಇಪ್ಪತ್ತೊಂಬತ್ತರಿಂದ ನಲವತ್ತು

ಫ್ರೆಂಚ್ ತರಗತಿಯಲ್ಲಿ ನಮಗೆ ಶ್ರದ್ಧೆಯಿಂದ ಕಲಿಸಿದ ವಿದ್ಯೆ ಒಂದೇ. ಸದ್ದು ಮಾಡದೆ ತುಟಿ ಆಡಿಸುವುದು.

"ಹಿಂದಿನ ಎರಡು ಬೆಂಚು, ಇಲ್ಲಿ ಕೇಳಿ," ಎಂದರು ಮೇಡಂ. "ಮುಂದಿನವರು ಹೇಗೆ ಬಾಯಿ ತೆಗೀತಾರೋ ನೀವೂ ಹಾಗೇ ತೆಗೀಬೇಕು. ಅವರು ಮುಚ್ಚಿದಾಗ ಮುಚ್ಚಬೇಕು. ಗಂಟಲಿಂದ ಮಾತ್ರ ಏನೂ ಹೊರಗೆ ಬರಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ," ಎಂದೆವು.

"ಅದನ್ನೂ ಅಷ್ಟು ಜೋರಾಗಿ ಹೇಳಬೇಡಿ."

ಹಿಂದಿನ ಎರಡು ಬೆಂಚು ಎಂದರೆ ನಾವು ಹನ್ನೆರಡು ಹುಡುಗಿಯರು. ನಾಲ್ವರು ಕೂರುವ ಬೆಂಚಿನಲ್ಲಿ ಆರಾರು ಜನ. ಎಲ್ಲರೂ ಹಾಸ್ಟೆಲಿನವರು. ಮುಂದಿನ ಇಪ್ಪತ್ತೆಂಟು ಮಂದಿ ಮನೆಯಿಂದ ಬರುವವರು. ಅವರಿಗೆ ಹೆಸರುಗಳಿದ್ದವು. ಹಾಜರಿ ಕರೆಯುವಾಗ ಮೇಡಂ ಇಪ್ಪತ್ತೆಂಟು ಹೆಸರು ಓದಿ, ಆಮೇಲೆ ಕನ್ನಡಕ ತೆಗೆದು, "ಇಪ್ಪತ್ತೊಂಬತ್ತರಿಂದ ನಲವತ್ತು, ಇದ್ದೀರಾ?" ಎನ್ನುತ್ತಿದ್ದರು. ನಾವು ಒಟ್ಟಿಗೆ "ಇದ್ದೀವಿ" ಎನ್ನುತ್ತಿದ್ದೆವು. ಮೂರು ವರ್ಷ ಹೀಗೇ ನಡೆಯಿತು. ನಾನು ಮೂವತ್ತೊಂದು.

ಪರೀಕ್ಷಕರು ಬರುವ ದಿನಕ್ಕೆಂದು ಮೂರು ತಿಂಗಳು ನಡೆದ ತಾಲೀಮಿನಲ್ಲಿ ಮೇಡಂ ನಮ್ಮ ಬೆಂಚಿನವರೆಗೂ ಬಂದು, ಒಬ್ಬೊಬ್ಬರ ಬಾಯಿಗೂ ಕಿವಿಕೊಟ್ಟು ಪರೀಕ್ಷಿಸುತ್ತಿದ್ದರು. ಏನಾದರೂ ಸೋರುತ್ತಿದೆಯೇ ಎಂದು. ಮೇಡಂಗಿಂತ ಮೊದಲು ಅವರ ಸೆಂಟು ಬರುತ್ತಿತ್ತು. ಅದಕ್ಕೇ ನಾವು ಅವರನ್ನು ಸೆಂಟು ಮೇಡಂ ಎನ್ನುತ್ತಿದ್ದೆವು. ನಮ್ಮ ಹತ್ತಿರ ಬಂದಾಗ ಅವರು ಉಸಿರು ಹಿಡಿದುಕೊಳ್ಳುತ್ತಿದ್ದರು. ಪಾತ್ರೆ ತೊಳೆಯುವ ಪುಡಿಯ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಅವರ ಸೆಂಟು ನಮಗೆ ಆಗುತ್ತಿರಲಿಲ್ಲ. ಆ ಮಟ್ಟಿಗೆ ಲೆಕ್ಕ ಸರಿಹೋಗಿತ್ತು.

ಬಾಯಿ ಬೇಡವಾದವರನ್ನು ತರಗತಿಗೆ ಯಾಕೆ ಕರೆದರು? ತಲೆ ಬೇಕಿತ್ತು. ಒಂದು ಶಾಲೆಯಲ್ಲಿ ವಿದೇಶಿ ಭಾಷೆಯ ಹುದ್ದೆ ಉಳಿಯಬೇಕಾದರೆ ತರಗತಿಯಲ್ಲಿ ನಲವತ್ತು ತಲೆಗಳು ಇರಬೇಕು ಎಂದು ನಿಯಮ. ಫ್ರೆಂಚ್ ಬೇಕೆಂದು ಬಂದವರು ಇಪ್ಪತ್ತೆಂಟೇ ಜನ. ಹೆಡ್‌ಮಾಸ್ಟರು ಕರಕುಶಲ ತರಗತಿಗೆ ಬಂದು, ಹೊಲಿಯುತ್ತ ಕುಳಿತಿದ್ದ ನಮ್ಮನ್ನು ಸಂತೆಯಲ್ಲಿ ಕುಂಬಳಕಾಯಿ ಆರಿಸುವವರ ಹಾಗೆ ಆರಿಸಿದರು. "ನೀನು, ನೀನು, ಆ ಉದ್ದದವಳು, ಅವಳ ಪಕ್ಕದವಳು." ಹನ್ನೆರಡಾದ ಕೂಡಲೇ ಕೈ ಇಳಿಸಿದರು. ಉದ್ದದವಳು ನಮ್ಮ ಉದ್ದಕ್ಕ. ಪಕ್ಕದವಳು ಗೊಣಗಿ. ಅವಳು ನಿದ್ದೆಯಲ್ಲೂ ಗೊಣಗುತ್ತಾಳೆ. ಹಾಸ್ಟೆಲಿನಲ್ಲಿ ನಮಗೆ ಅಪ್ಪ ಅಮ್ಮ ಇಟ್ಟ ಹೆಸರುಗಳು ಬಳಕೆ ತಪ್ಪಿಹೋಗಿವೆ.

ನಾಲ್ಕು ಜನಕ್ಕೆ ಒಂದು ಹಳೇ ಪಠ್ಯಪುಸ್ತಕ ಕೊಟ್ಟರು. ಅದರ ಏಳನೆಯ ಪಾಠ ವಿಮಾನ ನಿಲ್ದಾಣದಲ್ಲಿ ನಡೆಯುತ್ತದೆ. ಒಬ್ಬ ಹುಡುಗಿಯ ಸೂಟ್‌ಕೇಸ್ ಕಳೆದುಹೋಗಿದೆ. ಅದು ಕಂದು ಬಣ್ಣದ್ದು. ಅದರಲ್ಲಿ ಈಜುವ ಬಟ್ಟೆ ಇದೆ. ಹುಡುಗಿ ಎರಡು ಪುಟ ಅಳುತ್ತಾಳೆ. ನಾನು ಹಾಸ್ಟೆಲಿಗೆ ಬರುವಾಗ ನನ್ನ ಬಟ್ಟೆ ತಂದದ್ದು ಆಸ್ಪತ್ರೆಯ ದಿಂಬಿನ ಕವರಿನಲ್ಲಿ. ಅದು ಕಳೆದುಹೋಗಿದ್ದರೂ ಯಾವ ಭಾಷೆಯಲ್ಲೂ ಎರಡು ಪುಟ ಆಗುತ್ತಿರಲಿಲ್ಲ.

ಆದರೂ ನಾವು ಫ್ರೆಂಚ್ ಕಲಿತೆವು. ಕಲಿತದ್ದು ತರಗತಿಯಲ್ಲಿ ಅಲ್ಲ, ತೊಟ್ಟಿಯ ಹತ್ತಿರ.

ಹಾಸ್ಟೆಲಿನಲ್ಲಿ ಊಟಕ್ಕೆ ಇನ್ನೂರ ನಲವತ್ತು ತಟ್ಟೆ. ಅಡುಗೆಮನೆಯ ಹಿಂದೆ ಉದ್ದನೆಯ ಸಿಮೆಂಟಿನ ತೊಟ್ಟಿ. ಮೊದಲನೆಯವಳು ಎಂಜಲು ಬಳಿಯುತ್ತಾಳೆ. ಎರಡನೆಯವಳು ಪುಡಿ ಹಾಕಿ ಉಜ್ಜುತ್ತಾಳೆ. ಮೂರನೆಯವಳು ಅದ್ದುತ್ತಾಳೆ, ನಾಲ್ಕನೆಯವಳು ಮತ್ತೆ ಅದ್ದುತ್ತಾಳೆ, ಐದನೆಯವಳು ಒರೆಸುತ್ತಾಳೆ. ಬಿಸಿನೀರು ಮೊದಲ ನಲವತ್ತು ತಟ್ಟೆಗೆ ಮಾತ್ರ. ಆಮೇಲೆ ಬೆರಳು ನಮ್ಮದೋ ಪಕ್ಕದವಳದೋ ಗೊತ್ತಾಗುವುದಿಲ್ಲ. ಉಗುರಿನ ಸುತ್ತ ಚರ್ಮ ಬಿರಿದು, ಪುಡಿ ಅದರೊಳಗೆ ಇಳಿದು ಚುರುಗುಟ್ಟುತ್ತದೆ. ಇದರ ನಡುವೆ ಮಾತಾಡುವ ಹಾಗಿಲ್ಲ. ಮಾತಾಡಿದರೆ ಮೆಟ್ಟಿಲು ಉಜ್ಜುವ ಶಿಕ್ಷೆ.

ಒಂದು ದಿನ ಗೊಣಗಿ ತಟ್ಟೆ ಅದ್ದುತ್ತ ಏಳನೆಯ ಪಾಠ ಗೊಣಗುತ್ತಿದ್ದಳು. ವಾರ್ಡನಮ್ಮ ಹಿಂದೆ ಬಂದು ನಿಂತರು. "ಏನೇ ಅದು?"

"ಪಾಠ ಅಮ್ಮ. ಫ್ರೆಂಚು."

ವಾರ್ಡನಮ್ಮನ ಮುಖ ಅರಳಿತು. "ಓದ್ಕೊಳ್ಳಿ, ಓದ್ಕೊಳ್ಳಿ. ಹರಟೆ ಬೇಡ ಅಂದೆ, ಪಾಠ ಬೇಡ ಅಂದ್ನಾ?"

ಅಂದಿನಿಂದ ನಮ್ಮ ಹರಟೆಯೆಲ್ಲ ಫ್ರೆಂಚಿಗೆ ತಿರುಗಿತು. ಮೊದಮೊದಲು ಸೂಟ್‌ಕೇಸಿನ ಪಾಠವನ್ನೇ ಕತ್ತರಿಸಿ ಹೊಲಿದೆವು. ಕಂದು ಸೂಟ್‌ಕೇಸ್ ಎಲ್ಲಿ ಎಂದರೆ ವಾರ್ಡನಮ್ಮ ಎಲ್ಲಿ ಎಂದು ಅರ್ಥ. ಅಷ್ಟು ಸಾಲಲಿಲ್ಲ. ಹಾಸ್ಟೆಲಿನ ಲೈಬ್ರರಿ ಎಂದರೆ ಒಂದು ಕಪಾಟು. ಅದರಲ್ಲಿ ಒಂದು ಫ್ರೆಂಚ್ ನಿಘಂಟು ಸಿಕ್ಕಿತು. ಯಾರೋ ಪುಣ್ಯಾತ್ಮರು ಬಾಯ್ಲರ್ ಹೊತ್ತಿಸಲು ಮೊದಲ ಮೂರು ಅಕ್ಷರಗಳ ಪುಟಗಳನ್ನು ಹರಿದುಕೊಂಡಿದ್ದರು. ಉಳಿದದ್ದರಲ್ಲಿ ಹಸಿವು ಇತ್ತು. ಕೊಳಕು ಇತ್ತು. ಸುಳ್ಳು, ಮೂಗು, ಗೊರಕೆ, ಕಳ್ಳಿ ಎಲ್ಲ ಇದ್ದವು. ದಿನಕ್ಕೆ ಐದು ಪದ ಉಜ್ಜಿದೆವು. ವಾರ್ಡನಮ್ಮನ ಗೊರಕೆಯ ಬಗ್ಗೆ ಅವರೆದುರಿಗೇ ಅರ್ಧ ಗಂಟೆ ಚರ್ಚೆ ನಡೆಯುತ್ತಿತ್ತು. ಅವರು ತಲೆದೂಗುತ್ತ ನಿಂತಿರುತ್ತಿದ್ದರು.

ಹರಿದ ಪುಟಗಳಲ್ಲಿ ಹೋದ ಪದಗಳನ್ನು ನಾವೇ ಕಟ್ಟಿಕೊಂಡೆವು. ಅದೃಷ್ಟ ಎಂಬುದಕ್ಕೆ ಪದ ಇರಲಿಲ್ಲ. "ಬಿಸಿನೀರು ಇನ್ನೂ ಇದೆ" ಎಂದೆವು. ಧೈರ್ಯ ಎಂಬುದಕ್ಕೆ ಇರಲಿಲ್ಲ. "ಒದ್ದೆ ಕೈಯಲ್ಲಿ ಸ್ವಿಚ್ಚು" ಎಂದೆವು. ಬೋಳುತಲೆಗೂ ಇರಲಿಲ್ಲ. ಅದು ಮಾತ್ರ ದೊಡ್ಡ ನಷ್ಟ. ಯಾಕೆಂದರೆ ನಮ್ಮ ಹೆಡ್‌ಮಾಸ್ಟರ ತಲೆಯಲ್ಲಿ ಹೇಳಿಕೊಳ್ಳುವಂಥದ್ದು ಅದೊಂದೇ. ಉದ್ದಕ್ಕ ಒರೆಸುತ್ತಿದ್ದ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದು ನೋಡಿದಳು. ಆ ದಿನದಿಂದ ಹೆಡ್‌ಮಾಸ್ಟರು "ತೊಳೆದ ತಟ್ಟೆ" ಆದರು.

ಮೂರನೆಯ ವರ್ಷ, ಪರೀಕ್ಷೆಯ ಪಟ್ಟಿ ಬೋರ್ಡಿಗೆ ಬಿತ್ತು. ಟೈಪು ಮಾಡಿದ ಇಪ್ಪತ್ತೆಂಟು ಹೆಸರು. ಅದರ ಕೆಳಗೆ ಗೆರೆ.

ನಾನು ಮೂರು ಸಲ ಓದಿದೆ. ಕಾಗದದ ಹಿಂದೆ ಇನ್ನೊಂದು ಹಾಳೆ ಇದೆಯೇ ಎಂದು ಎತ್ತಿಯೂ ನೋಡಿದೆ.

ನನಗೆ ಆ ಪಟ್ಟಿ ಯಾಕೆ ಬೇಕಿತ್ತು ಎಂದು ಹೇಳಬೇಕು. ನನ್ನ ಅಮ್ಮ ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ನೆಲಮಾಳಿಗೆ. ಕಿಟಕಿ ಇಲ್ಲ. ಗಾಲಿಗಳ ಮೇಲೆ ಹಾಸಿಗೆಯ ಬಟ್ಟೆಗಳ ಗುಡ್ಡ ಬರುತ್ತದೆ. ರಕ್ತದ್ದು ಬೇರೆ, ವಾಂತಿಯದ್ದು ಬೇರೆ, ಅದಕ್ಕಿಂತ ಕೆಟ್ಟದ್ದು ಬೇರೆ ಎಂದು ಕೈಯಿಂದಲೇ ವಿಂಗಡಿಸಬೇಕು. ಅಮ್ಮನ ಮೊಣಕೈ ಕೆಳಗಿನ ಚರ್ಮ ಯಾವಾಗಲೂ ಬೇಯಿಸಿದ ಬಣ್ಣ. ಆ ಆಸ್ಪತ್ರೆಗೆ ಹೊರದೇಶದ ರೋಗಿಗಳು ಬರುತ್ತಾರೆ. ಅವರ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವರಿಗೆ ದಾಟಿಸಲು ಒಬ್ಬ ದುಭಾಷಿ ಹೆಂಗಸು ಇದ್ದಾರೆ. ಅವರ ಬಿಳಿ ಕೋಟೂ ಅಮ್ಮನ ಕೈಗೇ ಬರುತ್ತದೆ.

"ಜೇಬಿನ ಹತ್ತಿರ ಪೆನ್ನಿನ ಕಲೆ ಕಣೇ, ಅಷ್ಟೇ," ಎನ್ನುತ್ತಾಳೆ ಅಮ್ಮ. "ಇಡೀ ಕೋಟಲ್ಲಿ ಬೇರೇನೂ ಇಲ್ಲ. ಮೂಸಿ ನೋಡಿದ್ದೀನಿ. ಏನೂ ವಾಸನೆ ಇಲ್ಲ. ದಿನವಿಡೀ ಕೂತು ಮಾತಾಡ್ತಾರಂತೆ! ಅದಕ್ಕೂ ಸಂಬಳ ಕೊಡ್ತಾರಂತೆ!"

ಆ ಕೋಟಿಗೆ ತರಬೇತಿ ಬೇಕು. ತರಬೇತಿಗೆ ಈ ಪರೀಕ್ಷೆಯ ಸರ್ಟಿಫಿಕೇಟು ಬೇಕು. ಪರೀಕ್ಷೆಗೆ ಪಟ್ಟಿಯಲ್ಲಿ ಹೆಸರು ಬೇಕು. ಹಿಂದಿನ ಭಾನುವಾರ ಅಮ್ಮ ಕೇಳಿದ್ದಳು, "ಹೆಸರು ಬಂತಾ?" "ಬಂತು," ಎಂದಿದ್ದೆ. ಬರುತ್ತದೆ ಎಂದುಕೊಂಡೇ ಹೇಳಿದ್ದೆ. ಅಮ್ಮ ಇಡೀ ನೆಲಮಾಳಿಗೆಗೆ ಸುದ್ದಿ ಹಂಚಿದ್ದಳು. ಇಸ್ತ್ರಿ ಮಾಡುವ ಅಜ್ಜ ನನಗೆ ಪೆನ್ನು ಕೊಟ್ಟಿದ್ದ.

ನಾನು ಸ್ಟಾಫ್ ರೂಮಿಗೆ ಹೋದೆ. ಸೆಂಟು ಮೇಡಂ ಸೇಬು ಹೆಚ್ಚುತ್ತಿದ್ದರು.

"ಮೇಡಂ, ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ."

"ನಿಮಗೆ ಕರಕುಶಲ ಇದೆಯಲ್ಲಮ್ಮ."

"ಮೂರು ವರ್ಷ ಫ್ರೆಂಚ್ ಕ್ಲಾಸಲ್ಲಿ ಕೂತಿದ್ದೀವಿ ಮೇಡಂ."

"ಕೂತಿದ್ದೀರಿ. ಹೌದು. ಕೂರೋದು ಬೇರೆ, ಪರೀಕ್ಷೆ ಬೇರೆ." ಅವರು ಗೋಡೆಯ ಕಡೆ ಚಾಕು ತೋರಿಸಿದರು. ಅಲ್ಲಿ ಬಟ್ಟೆಯ ಮೇಲೆ ಬರೆಸಿ ತೂಗುಹಾಕಿದ್ದರು: ಫಲಿತಾಂಶ ನೂರಕ್ಕೆ ನೂರು. "ಇದನ್ನ ಕಾಪಾಡಬೇಕಲ್ಲ? ನಿನ್ನ ಮೇಲೆ ನನಗೆ ಕೋಪ ಇಲ್ಲ. ನಿಮ್ಮ ನಾಲಿಗೆ ದಪ್ಪ. ಅದು ಬೆಳೆದ ರೀತಿ. ನಿಮ್ಮ ತಪ್ಪಲ್ಲ. ಒಂದು ಹೋಳು ತಗೋ."

ನಾನು ಸೇಬು ತೆಗೆದುಕೊಳ್ಳಲಿಲ್ಲ. ಈಗ ಯೋಚಿಸಿದರೆ ತೆಗೆದುಕೊಳ್ಳಬೇಕಿತ್ತು. ಹಸಿವಾಗಿತ್ತು.

ಸಂಜೆ ಹಾಸ್ಟೆಲಿನ ಬಚ್ಚಲಲ್ಲಿ ನಾಲಿಗೆಗಳ ತಪಾಸಣೆ ನಡೆಯಿತು. ದಪ್ಪ ಅಳೆಯುವುದು ಹೇಗೆ ಎಂಬ ಪ್ರಶ್ನೆ ಬಂತು. ಸ್ಕೇಲು ಅಗಲ ಹೇಳುತ್ತದೆ, ದಪ್ಪ ಹೇಳುವುದಿಲ್ಲ. ನನ್ನ ಅಮ್ಮನ ಕಸುಬು ನೆರವಿಗೆ ಬಂತು. ಬಟ್ಟೆಗೆ ಹಾಕುವ ಮರದ ಕ್ಲಿಪ್ಪನ್ನು ನಾಲಿಗೆಗೆ ಸಿಕ್ಕಿಸುವುದು, ಅದು ಎಷ್ಟು ಬಾಯಿ ಬಿಡುತ್ತದೆಂದು ಸ್ಕೇಲಿನಲ್ಲಿ ನೋಡುವುದು. ಹನ್ನೆರಡು ಜನ ಕಣ್ಣೀರು ಸುರಿಸಿಕೊಂಡು ಅಳೆಸಿಕೊಂಡೆವು. ಒಬ್ಬರದೂ ಒಂದು ಸೆಂಟಿಮೀಟರ್ ದಾಟಲಿಲ್ಲ.

"ಮುಂದಿನ ಬೆಂಚಿನದೂ ಒಂದು ಬೇಕು," ಎಂದಳು ಗೊಣಗಿ. "ಇಲ್ಲದಿದ್ರೆ ಯಾವುದಕ್ಕೆ ಹೋಲಿಸೋದು?"

ಮರುದಿನ ಡಾಕ್ಟರ ಮಗಳನ್ನು ಹಿಡಿದೆವು. ಅವಳು ಒಳ್ಳೆಯವಳು, ಸ್ವಲ್ಪ ಪೆದ್ದು. ಅವಳ ಹರಿದ ಕಾಲುಚೀಲ ಹೊಲಿದುಕೊಡುತ್ತೇವೆ ಎಂದಾಗ ನಾಲಿಗೆ ಚಾಚಿದಳು. ಒಂದೂಕಾಲು ಸೆಂಟಿಮೀಟರ್.

"ಯಾಕೆ?" ಎಂದು ಕೇಳಿದಳು, ಕ್ಲಿಪ್ಪಿನ ಸಮೇತ.

"ನಿನ್ನದು ಚಾಂಪಿಯನ್ ನಾಲಿಗೆ ಕಣೇ," ಎಂದಳು ಉದ್ದಕ್ಕ.

ನಗು ನಿಂತ ಮೇಲೆ ಕೋಪ ಬಂತು. ತೊಟ್ಟಿಯ ಹತ್ತಿರ ನಾನು ಹೇಳಿದೆ. ಫ್ರೆಂಚಿನಲ್ಲೇ ಹೇಳಿದೆ, ವಾರ್ಡನಮ್ಮ ಅಲ್ಲೇ ಇದ್ದರು. "ಮುಂದಿನ ಸೋಮವಾರ ಪರೀಕ್ಷಕರು ತಲೆ ಎಣಿಸೋಕೆ ಬರ್ತಾರೆ. ಅವತ್ತೇ ಪಟ್ಟಿಗೂ ಸಹಿ ಹಾಕ್ತಾರೆ. ನಾವು ಪಟ್ಟಿಯಲ್ಲಿ ಇಲ್ಲ ಅಂದ್ರೆ ಆ ಕ್ಲಾಸಿನವರಲ್ಲ. ಆ ಕ್ಲಾಸಿನವರಲ್ಲ ಅಂದ್ರೆ ಅಲ್ಲಿ ಯಾಕೆ ಕೂರಬೇಕು? ಎಣಿಸೋ ಹೊತ್ತಿಗೆ ಎದ್ದು ಕರಕುಶಲಕ್ಕೆ ಹೋಗೋಣ."

ಪುಡಿ ಹಚ್ಚುವ ಕೈ ನಿಂತಿತು. ಒರೆಸುವ ಕೈ ನಿಂತಿತು.

"ಹಾಸ್ಟೆಲಿಂದ ಓಡಿಸಿಬಿಟ್ಟರೆ?" ಎಂದಳು ಒಬ್ಬಳು.

"ಓಡಿಸಲಿ. ಈ ತಟ್ಟೆ ಯಾರು ತೊಳೀತಾರೆ? ಅವರಜ್ಜಿ?"

"ಯಾರು ಮೊದಲು ಏಳೋದು?"

"ಎಲ್ಲರೂ ಒಟ್ಟಿಗೆ."

ಒದ್ದೆ ಕೈಯಲ್ಲಿ ಸ್ವಿಚ್ಚು ಒತ್ತುತ್ತೇವೆ ಎಂದು ಹನ್ನೆರಡು ಜನ ಒದ್ದೆ ಕೈ ತಾಗಿಸಿಕೊಂಡೆವು. ವಾರ್ಡನಮ್ಮ, "ಎಷ್ಟು ಚೆನ್ನಾಗಿ ಓದ್ತೀರೇ!" ಎಂದರು.

ಸೋಮವಾರ ಬಂತು. ಪರೀಕ್ಷಕಿ ವಯಸ್ಸಾದವರು. ಗಿಡ್ಡ ಕೂದಲು, ದಪ್ಪ ಅಟ್ಟೆಯ ಬೂಟು. ಮಾತು ಕಡಿಮೆ. ಎದುರಿಗಿದ್ದವರ ಮುಖವನ್ನು ತುಂಬ ಗಮನವಿಟ್ಟು ನೋಡುವ ಅಭ್ಯಾಸ. ಹೆಡ್‌ಮಾಸ್ಟರು ಅವರಿಗೆ ಕುರ್ಚಿ ಹಾಕಿಸಿ, ತಾವು ಪಕ್ಕದಲ್ಲಿ ನಿಂತರು. ಕಿಟಕಿಯ ಬಿಸಿಲು ನೇರ ಅವರ ತಲೆಗೆ ಬೀಳುತ್ತಿತ್ತು. ಮೇಡಂ ಎರಡು ಪಟ್ಟು ಸೆಂಟು ಹಾಕಿದ್ದರು. ಅವರ ಕೈಯಲ್ಲಿ ಟೈಪು ಮಾಡಿದ ಪಟ್ಟಿ, ಸಹಿಗೆ ಸಿದ್ಧವಾಗಿತ್ತು.

ಏಳನೆಯ ಪಾಠ ಶುರುವಾಯಿತು. ಇಪ್ಪತ್ತೆಂಟು ಗಂಟಲು ಒಟ್ಟಿಗೆ ಸೂಟ್‌ಕೇಸ್ ಕಳೆದುಕೊಂಡವು. ಕಿರುಚಿದರೆ ಉಚ್ಚಾರ ಚೆನ್ನಾಗಿರುತ್ತದೆ ಎಂದು ಮೇಡಂ ನಂಬಿದ್ದರು. ಪರೀಕ್ಷಕಿ ಮುಖ ಕಿವಿಚಿದರು. ಕೂದಲಿನೊಳಗೆ ಕೈ ಹಾಕಿ ಕಿವಿಯ ಹಿಂದೆ ಏನನ್ನೋ ಒತ್ತಿದರು. ತಕ್ಷಣ ಅವರ ಮುಖ ಶಾಂತವಾಯಿತು. ಹೇರ್‌ಪಿನ್ನು ಇರಬೇಕು ಎಂದುಕೊಂಡೆ.

ಹೆಡ್‌ಮಾಸ್ಟರು ಬೆರಳು ಮಡಿಸುತ್ತ ತಲೆ ಎಣಿಸತೊಡಗಿದರು. ನಾವು ಏಳಬೇಕಾದ ಹೊತ್ತು ಅದೇ.

ಯಾರೂ ಏಳಲಿಲ್ಲ.

ನಾನೂ ಏಳಲಿಲ್ಲ. ಅದನ್ನು ಬರೆಯಲೇಬೇಕು. ಮಾತೆಲ್ಲ ನನ್ನದು, ಕಾಲು ನನ್ನದಾಗಿರಲಿಲ್ಲ. ಮಂಡಿ ಬೆಂಚಿಗೆ ಅಂಟಿಕೊಂಡಿತ್ತು. ನಾಚಿಕೆಯಿಂದ ನಾನೂ ಉಳಿದವರ ಹಾಗೆ ತುಟಿ ಆಡಿಸತೊಡಗಿದೆ.

ಆದರೆ ನಮ್ಮ ತುಟಿಗಳಲ್ಲಿ ಸೂಟ್‌ಕೇಸ್ ಇರಲಿಲ್ಲ. ತಾಲೀಮಿನ ಮೂರು ತಿಂಗಳಲ್ಲಿ ನಮಗೆ ಇನ್ನೊಂದು ವಿದ್ಯೆ ಬಂದಿತ್ತು. ಸದ್ದು ಇಲ್ಲದ ಮೇಲೆ ಏನು ಹೇಳಿದರೆ ಯಾರಿಗೆ ಗೊತ್ತಾಗಬೇಕು? ಒಬ್ಬಳ ತುಟಿ ಇನ್ನೊಬ್ಬಳು ಓರೆಗಣ್ಣಲ್ಲಿ ಓದುತ್ತಿದ್ದೆವು. ಎಲ್ಲವೂ ಫ್ರೆಂಚಿನಲ್ಲೇ, ದೂರದಿಂದ ಬಾಯಿ ಪಾಠದ ಹಾಗೆಯೇ ಕಾಣಬೇಕಲ್ಲ.

"ಏಳೇ," ಎಂದಿತು ಗೊಣಗಿಯ ತುಟಿ.

"ನೀನು ಏಳು," ಎಂದಿತು ಉದ್ದಕ್ಕನ ತುಟಿ. "ನಾನು ಎದ್ದರೆ ಎಲ್ಲರಿಗಿಂತ ಮೊದಲು ಕಾಣ್ತೀನಿ."

"ಹೇಳಿದವಳು ಇವಳು. ಇವಳೇ ಏಳಲಿ."

"ತೊಳೆದ ತಟ್ಟೆ ನನ್ನನ್ನೇ ನೋಡ್ತಾ ಇದೆ," ಎಂದೆ ನಾನು, ತುಟಿಯಲ್ಲೇ.

"ತಟ್ಟೆಗೆ ಕಣ್ಣಿಲ್ಲ. ಏಳು!"

"ಪಟ್ಟಿಯಲ್ಲಿ ಹೆಸರಿಲ್ಲ, ಕಾಲಲ್ಲಿ ಜೀವ ಇಲ್ಲ. ಹೇಡಿಗಳು ನಾವು."

"ಸೆಂಟಿನ ವಾಸನೆಗೆ ತಲೆ ಸುತ್ತುತ್ತಿದೆ. ಬೇಗ ಏಳ್ರೇ, ಇಲ್ಲ ನಾನು ಇಲ್ಲೇ ಕಕ್ಕಿಬಿಡ್ತೀನಿ."

ಪಾಠ ಮುಗಿಯಿತು. ಇಪ್ಪತ್ತೆಂಟು ಬಾಯಿ ಮುಚ್ಚಿದವು. ನಮ್ಮ ಜಗಳ ಇನ್ನೂ ಮುಗಿದಿರಲಿಲ್ಲ. ಆ ನಿಶ್ಶಬ್ದದಲ್ಲಿ ಹನ್ನೆರಡು ತುಟಿಗಳು ಇನ್ನೂ ಎರಡು ಕ್ಷಣ ಓಡಿ, ಗಾಬರಿಯಾಗಿ ನಿಂತವು.

ಪರೀಕ್ಷಕಿ ಎದ್ದರು. ಮುಂದಿನ ಬೆಂಚುಗಳನ್ನು ದಾಟಿ ಸೀದಾ ನಮ್ಮ ಹತ್ತಿರ ಬಂದರು. ನನ್ನ ಎದುರು ನಿಂತು ಕೂದಲು ಸರಿಸಿದರು. ಕಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡದೊಂದು ಯಂತ್ರ. ಅದನ್ನು ಒತ್ತಿದರು. ಅದು ಕಿರ್ ಎಂದಿತು.

"ನನಗೆ ಕಿವಿ ಮಂದ," ಎಂದರು ಫ್ರೆಂಚಿನಲ್ಲಿ, ನಿಧಾನವಾಗಿ. "ಇಪ್ಪತ್ತು ವರ್ಷದಿಂದ ಜನರ ತುಟಿ ನೋಡಿಯೇ ಬದುಕ್ತಾ ಇದ್ದೀನಿ. ಗದ್ದಲ ಆದರೆ ಇದನ್ನ ಆರಿಸಿಬಿಡ್ತೀನಿ."

ಮೂರು ತಿಂಗಳು ನಾವು ಯಾರಿಗೂ ಕೇಳುವುದಿಲ್ಲ ಎಂದುಕೊಂಡು ಬೈದಿದ್ದೆವು. ಆ ಕೋಣೆಯಲ್ಲಿ ಕಿವಿ ಕೇಳದ ಒಬ್ಬರಿಗೇ ಎಲ್ಲವೂ ಕೇಳಿಸಿತ್ತು.

"ತೊಳೆದ ತಟ್ಟೆ ಅಂದರೆ ಯಾರು?"

ಉತ್ತರ ನನ್ನ ಕಣ್ಣು ಕೊಟ್ಟಿತು. ಅದು ತಾನಾಗಿ ಹೆಡ್‌ಮಾಸ್ಟರ ತಲೆಗೆ ಹೋಯಿತು. ಪರೀಕ್ಷಕಿಯೂ ತಿರುಗಿ ನೋಡಿದರು. ಬಿಸಿಲಿಗೆ ಅದು ಫಳಫಳ ಎನ್ನುತ್ತಿತ್ತು. ಫ್ರೆಂಚ್ ಬಾರದ ಹೆಡ್‌ಮಾಸ್ಟರು ತಮ್ಮನ್ನು ಹೊಗಳುತ್ತಿದ್ದಾರೆ ಎಂದುಕೊಂಡು ಮುಗುಳ್ನಕ್ಕರು. ಪರೀಕ್ಷಕಿ ಕೆಳತುಟಿ ಕಚ್ಚಿಕೊಂಡರು.

"ಏಳೋದು ಏಳೋದು ಅಂತಿದ್ದಿರಿ. ಯಾಕೆ ಏಳಲಿಲ್ಲ?"

ಧೈರ್ಯದ ಪದ ಹರಿದ ಪುಟದಲ್ಲಿ ಹೋಗಿತ್ತು. ಭಯದ ಪದ ನಿಘಂಟಿನಲ್ಲಿ ಉಳಿದಿತ್ತು. ಅದನ್ನೇ ಹೇಳಿದೆ. ಸದ್ದು ಮಾಡಿ ಹೇಳಿದೆ. ಆ ಕೋಣೆಯಲ್ಲಿ ಮೂರು ವರ್ಷದಲ್ಲಿ ನನ್ನ ಗಂಟಲಿಂದ ಬಂದ ಮೊದಲ ಫ್ರೆಂಚ್ ಪದ ಅದು.

ಮೇಡಂ ಓಡಿಬಂದರು. "ಇವರು ಅಷ್ಟೊಂದು... ಅಂದರೆ ಇವರು ಹಿಂದುಳಿದ ಬೆಂಚು ಮೇಡಂ. ಮುಂದಿನವರನ್ನ ಕೇಳಿ, ಸೂಟ್‌ಕೇಸ್ ಬಗ್ಗೆ ಏನು ಬೇಕಾದರೂ ಕೇಳಿ."

ಹಿಂದುಳಿದ ಬೆಂಚು. ಅದನ್ನು ಕೇಳಿದ್ದು ನನ್ನ ಕಿವಿಯಲ್ಲ, ಮಂಡಿ. ಅದು ಬಿಡಿಸಿಕೊಂಡಿತು. ನಾನು ಎದ್ದು ನಿಂತೆ.

"ಸರ್, ನಾವು ಹೊರಡ್ತೀವಿ."

"ಎಲ್ಲಿಗೆ?" ಎಂದರು ಹೆಡ್‌ಮಾಸ್ಟರು.

"ಕರಕುಶಲ ಕ್ಲಾಸಿಗೆ. ನಮ್ಮ ವಿಷಯ ಅದೇ ಅಂತ ಮೇಡಂ ಹೇಳಿದ್ರು. ಪಟ್ಟಿಯಲ್ಲೂ ಹಾಗೇ ಇದೆ. ತಪ್ಪು ಕ್ಲಾಸಲ್ಲಿ ಕೂತಿದ್ದಕ್ಕೆ ಕ್ಷಮಿಸಿ."

"ಕೂತ್ಕೋ."

"ಕೂತು ಕೂತು ಮೂರು ವರ್ಷ ಆಯ್ತು ಸರ್."

"ಈಗ ಕೂತ್ಕೋ ಅಂದೆ!"

ಗೊಣಗಿ ಎದ್ದಳು. ಏನೋ ಗೊಣಗಿದಳು, ಯಾವ ಭಾಷೆ ಎಂದು ತಿಳಿಯಲಿಲ್ಲ. ಆಮೇಲೆ ಮತ್ತೊಬ್ಬಳು. ಬೆಂಚು ಕಿರುಗುಟ್ಟಿತು. ಒಂದು ಕಡೆಯವರೆಲ್ಲ ಎದ್ದಾಗ ಇನ್ನೊಂದು ತುದಿಯಲ್ಲಿ ಕುಳಿತಿದ್ದವಳು ಬೆಂಚಿನ ಸಮೇತ ಮಗುಚುವ ಹಾಗಾಯಿತು, ಹಾಗಾಗಿ ಅವಳೂ ಎದ್ದಳು. ಕೊನೆಗೆ ಉದ್ದಕ್ಕ. ಅವಳು ಏಳುತ್ತಲೇ ಇದ್ದಳು.

ಹೆಡ್‌ಮಾಸ್ಟರು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು. "ನಿಮ್ಮ ಹಾಸ್ಟೆಲ್ ಸೀಟು ಇರೋದು ನನ್ನ ಸಹಿ ಮೇಲೆ. ನೆನಪಿರಲಿ."

"ಮೇಡಂ ಸೀಟು ಇರೋದು ನಮ್ಮ ತಲೆ ಮೇಲೆ ಸರ್. ಅದೂ ನೆನಪಿರಲಿ."

ನಾನು ಪಿಸುಗುಟ್ಟಲಿಲ್ಲ.

ಹನ್ನೆರಡು ಜನ ಸಾಲಾಗಿ ಬಾಗಿಲ ಕಡೆ ನಡೆದೆವು. ಹೋಗುತ್ತ ನಾನು ಪರೀಕ್ಷಕಿಯ ಮುಖ ನೋಡಿದೆ. ಏನಾದರೂ ಹೇಳುತ್ತಾರೆ ಎಂಬ ಆಸೆ ಇತ್ತು.

"ನನ್ನನ್ನ ನೋಡಬೇಡ," ಎಂದರು ಅವರು, ಈ ಸಲ ನಮ್ಮ ಮಾತಿನಲ್ಲಿ. "ನಾನು ಎಣಿಸೋಕೆ ಬಂದವಳು. ಬಾಗಿಲ ಒಳಗೆ ಎಷ್ಟು ತಲೆ ಇರುತ್ತೋ ಅಷ್ಟು ಬರೀತೀನಿ. ಬಾಗಿಲ ಹೊರಗೆ ನನ್ನ ಲೆಕ್ಕ ಇಲ್ಲ." ಫೈಲು ತೆರೆದು ಪೆನ್ನಿನ ಮುಚ್ಚಳ ತೆಗೆದರು. "ಈಗ ಇಪ್ಪತ್ತೆಂಟಾ ಹೆಡ್‌ಮಾಸ್ಟರೇ? ಇಪ್ಪತ್ತೆಂಟು ಅಂತ ಬರೀಲಾ?"

ಅಷ್ಟರಲ್ಲಿ ಮೊದಲು ನಾನು, ನನ್ನ ಹಿಂದೆ ಉಳಿದವರು, ಎಲ್ಲರೂ ಹೊಸ್ತಿಲು ದಾಟಿದ್ದೆವು. ಹೆಡ್‌ಮಾಸ್ಟರ ತಲೆಯ ಮೇಲೆ ಬೆವರು ಒಂದೊಂದೇ ಹನಿ ಮೂಡುತ್ತಿತ್ತು. ಸರಿಯಾಗಿ ಒರೆಸದ ತಟ್ಟೆ.

"ನಿಲ್ರಮ್ಮಾ!"

ನಿಂತೆವು. ಒಳಗೆ ಬರಲಿಲ್ಲ.

"ಬನ್ನಿ, ಒಳಗೆ ಬನ್ನಿ. ಪಟ್ಟಿಗೆ ಸೇರಿಸೋಣ. ಪರೀಕ್ಷೆ ಆದಮೇಲೆ ನೋಡೋಣ."

"ಸೇರಿಸಿದ ಮೇಲೆ ಒಳಗೆ ಬರ್ತೀವಿ ಸರ್."

"ಮೇಡಂ, ಬರೀರಿ," ಎಂದರು ಹೆಡ್‌ಮಾಸ್ಟರು.

ಸೆಂಟು ಮೇಡಂ ಪಟ್ಟಿಯನ್ನು ಮೇಜಿನ ಮೇಲಿಟ್ಟು ಪೆನ್ನು ಹಿಡಿದರು. ಇಪ್ಪತ್ತೆಂಟರ ಕೆಳಗಿನ ಗೆರೆಯ ಕೆಳಗೆ 29 ಎಂದು ಬರೆದರು. ಚುಕ್ಕಿ ಇಟ್ಟರು. ಅಲ್ಲಿಗೆ ಪೆನ್ನು ನಿಂತಿತು.

ಅವರು ತಲೆ ಎತ್ತಿ ನಮ್ಮನ್ನು ನೋಡಿದರು. ನಾವು ಅವರನ್ನು ನೋಡಿದೆವು. ಆ ಹೊತ್ತಿಗೆ ಎಲ್ಲರಿಗೂ ಒಂದೇ ಸಲ ಅರ್ಥವಾಯಿತು. ಮೂರು ವರ್ಷ ಕಲಿಸಿದ ಮೇಡಂಗೆ ಒಬ್ಬಳ ಹೆಸರೂ ಗೊತ್ತಿಲ್ಲ.

"ಆಫೀಸಿಂದ ರಿಜಿಸ್ಟರ್ ತರಿಸ್ತೀನಿ," ಎಂದರು ಹೆಡ್‌ಮಾಸ್ಟರು.

"ಎದುರಿಗೇ ನಿಂತಿದ್ದಾರಲ್ಲ, ರಿಜಿಸ್ಟರ್ ಯಾಕೆ?" ಎಂದರು ಪರೀಕ್ಷಕಿ. "ಕೇಳಿ."

ಮೇಡಂ ಗಂಟಲು ಸರಿಮಾಡಿಕೊಂಡರು. "ನಿನ್ನ ಹೆಸರೇನಮ್ಮ?"

ಕೊನೆಗೆ ಹೊಸ್ತಿಲು ದಾಟಿ ಈಗ ಸಾಲಿನ ಮೊದಲು ನಿಂತಿದ್ದವಳು ಗೊಣಗಿ. ಅವಳು ಮೇಡಂ ಕಲಿಸಿದ ಹಾಗೇ ಮಾಡಿದಳು. ಬಾಯಿ ತೆರೆದಳು, ಮುಚ್ಚಿದಳು, ಗಂಟಲಿಂದ ಏನೂ ಹೊರಗೆ ಬಿಡಲಿಲ್ಲ. ಜೀವಮಾನದಲ್ಲಿ ಗೊಣಗದೆ ಇದ್ದದ್ದು ಅದೊಂದೇ ಸಲ.

"ಏನು?"

ಗೊಣಗಿ ಮತ್ತೆ ತುಟಿ ಆಡಿಸಿದಳು. ಮೇಡಂ ಕುರ್ಚಿ ಬಿಟ್ಟು ಎದ್ದು ಬಂದರು. ತಾಲೀಮಿನಲ್ಲಿ ಬಾಗುತ್ತಿದ್ದ ಹಾಗೆಯೇ ಬಾಗಿ ಅವಳ ಬಾಯಿಗೆ ಕಿವಿ ಕೊಟ್ಟರು. ಏನೂ ಸೋರಲಿಲ್ಲ. ಮುಂದಿನ ಬೆಂಚಿನಲ್ಲಿ ಡಾಕ್ಟರ ಮಗಳು ಕಿಸಕ್ಕೆಂದಳು.

"ಜೋರಾಗಿ ಹೇಳಮ್ಮ. ದಮ್ಮಯ್ಯ."

ಪರೀಕ್ಷಕಿ ಕಿವಿಯ ಯಂತ್ರವನ್ನು ಆರಿಸಿದರು. ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಂಡು ಗೊಣಗಿಯ ತುಟಿ ನೋಡಿದರು. ಆಮೇಲೆ ಗೊಣಗಿಯ ಹೆಸರು ಹೇಳಿದರು. ಅವಳ ಅಪ್ಪ ಅಮ್ಮ ಇಟ್ಟ ಹೆಸರು. ಅಷ್ಟು ಚೆಂದದ ಹೆಸರು ಅವಳಿಗಿದೆ ಎಂದು ನಾವೇ ಮರೆತಿದ್ದೆವು.

"ಬರಕೊಳ್ಳಿ," ಎಂದರು ಮೇಡಂಗೆ.

ಮೇಡಂ ಬರೆದರು.

ಒಬ್ಬೊಬ್ಬಳೇ ಮುಂದೆ ಬಂದಳು, ತುಟಿ ಆಡಿಸಿದಳು. ಕಿವಿ ಕೇಳದ ಆ ಹೆಂಗಸು ಒಂದೊಂದೇ ಹೆಸರು ಓದಿ ಹೇಳಿದರು. ಎರಡು ಹೆಸರನ್ನು ಎರಡೆರಡು ಸಲ ಆಡಿಸಿ ನೋಡಿದರು. ಉದ್ದಕ್ಕನ ತುಟಿ ನೋಡಲು ನಿಂತುಕೊಳ್ಳಬೇಕಾಯಿತು. ಸೆಂಟು ಮೇಡಂ ಕಾಗುಣಿತ ಹೇಳಿಸಿಕೊಳ್ಳುವ ಮಗುವಿನ ಹಾಗೆ ತಲೆ ತಗ್ಗಿಸಿ ಬರೆಯುತ್ತ ಹೋದರು. ಟೈಪು ಮಾಡಿದ ಇಪ್ಪತ್ತೆಂಟರ ಕೆಳಗೆ ಹಸಿ ಶಾಯಿಯ ಹನ್ನೊಂದು ಸಾಲು ನಿಂತಿತು.

ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿದವಳು ನಾನು. ಹಾಗಾಗಿ ಒಳಗೆ ಬರುವಾಗ ಕೊನೆಯವಳಾದೆ. ಮೂವತ್ತೊಂದು ಹೋಗಿ ನಲವತ್ತು ಆಯಿತು.

ಪರೀಕ್ಷಕಿ ನನ್ನ ತುಟಿಯ ಮೇಲೆ ಕಣ್ಣಿಟ್ಟು ಕಾದರು. ಮೇಡಂ ಪೆನ್ನು ಹಿಡಿದು ಕಾದರು. ನಾನು ಕೈಯಾಡಿಸಿ ಪರೀಕ್ಷಕಿಯ ಕಿವಿ ತೋರಿಸಿದೆ. ಅವರು ಹುಬ್ಬು ಎತ್ತಿದರು. ಕೂದಲೊಳಗೆ ಕೈ ಹಾಕಿ ಯಂತ್ರವನ್ನು ಒತ್ತಿದರು.

ಎದೆ ತುಂಬ ಉಸಿರು ಎಳೆದುಕೊಂಡು ನನ್ನ ಹೆಸರು ಹೇಳಿದೆ. ನೆಲಮಾಳಿಗೆಯ ಯಂತ್ರಗಳ ಸದ್ದಿನಲ್ಲಿ ಅಮ್ಮ ನನ್ನನ್ನು ಕರೆಯುವಾಗ ಎಷ್ಟು ಜೋರಾಗಿ ಕರೆಯುತ್ತಾಳೋ ಅಷ್ಟು ಜೋರಾಗಿ. ಕಿಟಕಿಯ ಗಾಜು ಅದುರಿತು. ಮೇಡಂ ಕೈಯಿಂದ ಪೆನ್ನು ಹಾರಿತು. ಕಾರಿಡಾರಿನಾಚೆ ಕರಕುಶಲ ತರಗತಿಯ ಹೊಲಿಗೆ ಯಂತ್ರ ನಿಂತಿತು.

ಪರೀಕ್ಷಕಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುರ್ಚಿಯಲ್ಲೇ ಕುಗ್ಗಿ ಕುಳಿತರು.

"ಕೇಳಿಸಿತು ಮಾರಾಯ್ತಿ," ಎಂದರು. "ಕೇಳಿಸಿತು."